ಹೊರಬಾಗಿಲು ಹುಡುಕಿದ ಅರ್ಧ ಶತಮಾನ

1973ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯ ಟೆಲಿವಿಷನ್ ‘ವೆಲ್ಟ್ ಆಮ್ ಡ್ರಾಟ್’ ಎಂಬ ಎರಡು ಕಂತಿನ ಚಿತ್ರವನ್ನು ಬಿತ್ತರಿಸಿತು. ನಿರ್ದೇಶಕ ರೈನರ್ ವರ್ನರ್ ಫಾಸ್‌ಬಿಂಡರ್‌ಗೆ ಆಗ ಇಪ್ಪತ್ತೆಂಟು ವರ್ಷ. ತಾನು ನಡೆದಾಡುವ ಬೀದಿ, ಕೂತು ದುಡಿಯುವ ಕಚೇರಿ, ಕೊನೆಗೆ ತಾನೂ ಕೂಡ ಮೇಲಿನ ಲೋಕದ ಕಂಪ್ಯೂಟರೊಂದರಲ್ಲಿ ನಡೆದಿರುವ ಲೆಕ್ಕಾಚಾರವಷ್ಟೇ ಎಂದು ಅರಿಯುವ ವಿಜ್ಞಾನಿಯೊಬ್ಬನ ಕಥೆ ಅದು. ಅಲ್ಲಿಂದೀಚೆಗೆ ಅರ್ಧ ಶತಮಾನ ಸಂದಿದೆ. ಅಂದು ಕೆಲವೇ ಜನರನ್ನು ಕಾಡಿದ್ದ ಆ ಶಂಕೆ ಇಂದು ಮನೆಮಾತಾಗಿದೆ. ‘ಮೇಟ್ರಿಕ್ಸ್‌’ನಲ್ಲಿದ್ದೇವೆ ಎಂದರೆ ಸಿನಿಮಾ ನೋಡದವರಿಗೂ ಅರ್ಥವಾಗುತ್ತದೆ. ಇಂಥ ಕಥೆಗಳೆಲ್ಲ ನಮಗೊಂದು ಮಾತು ಕೊಟ್ಟಿದ್ದವು. ನೀನು ಕಾಣುತ್ತಿರುವ ಲೋಕ ಸುಳ್ಳಾಗಿದ್ದರೆ ಅದಕ್ಕೊಂದು ಹೊರಬಾಗಿಲು ಇದ್ದೇ ಇರುತ್ತದೆ, ಅದನ್ನು ಹುಡುಕಿದವನಿಗೆ ಬಿಡುಗಡೆ ಉಂಟು ಎಂಬುದೇ ಆ ಮಾತು. ಸಿಮ್ಯುಲೇಶನ್ ಕಥನಗಳು ನಡೆದು ಬಂದ ದಾರಿಯನ್ನು ಇಂದು ಹಿಂದಿರುಗಿ ನೋಡುವಾಗ ಆ ಮಾತು ಏನಾಯಿತೆಂದು ಕೇಳಲೇಬೇಕಾಗಿದೆ.

ಈ ಕಥನಗಳ ಹುಟ್ಟು ತತ್ವಶಾಸ್ತ್ರದ ತರಗತಿಯಲ್ಲಿ ಆಯಿತೆಂದು ನಾವು ಭಾವಿಸುತ್ತೇವೆ. ಹಳೆಯ ಪುಟಗಳನ್ನು ತಿರುವಿದರೆ ಕಾಣುವುದು ಮಾರುಕಟ್ಟೆ. ಫ್ರೆಡೆರಿಕ್ ಪೋಲ್ 1955ರಲ್ಲಿ ಬರೆದ ‘ದಿ ಟನೆಲ್ ಅಂಡರ್ ದಿ ವರ್ಲ್ಡ್’ ಕಥೆಯಲ್ಲಿ ಒಂದು ಊರಿನ ಜನ ದಿನವೂ ಅದೇ ಜೂನ್ 15ಕ್ಕೆ ಕಣ್ಣು ತೆರೆಯುತ್ತಾರೆ. ಯಾವ ಜಾಹೀರಾತು ಚೆನ್ನಾಗಿ ನಾಟುತ್ತದೆಂದು ಪರೀಕ್ಷಿಸಲು ಯಾರೋ ಅವರನ್ನು ಮೇಜಿನ ಮೇಲಿನ ಪುಟ್ಟ ಊರಿನಲ್ಲಿ ಮರುಸೃಷ್ಟಿಸಿ ಇಟ್ಟಿದ್ದಾರೆ. 1960ರಲ್ಲಿ ‘ದಿ ಟ್ವೈಲೈಟ್ ಝೋನ್’ ಸರಣಿಯ ಒಂದು ಕಂತಿನಲ್ಲಿ, ಕಚೇರಿಯಲ್ಲಿ ಕುಳಿತ ವ್ಯವಹಾರಸ್ಥನೊಬ್ಬನಿಗೆ ತನ್ನ ಕೋಣೆಯೇ ಸಿನಿಮಾ ಸೆಟ್ ಎಂದು ತಿಳಿಯುತ್ತದೆ. ಡೇನಿಯಲ್ ಗಲೂಯ್ 1964ರಲ್ಲಿ ‘ಸಿಮ್ಯುಲಾಕ್ರಾನ್-3’ ಕಾದಂಬರಿ ಬರೆದಾಗ ಆ ಕೃತಕ ನಗರದ ಉದ್ದೇಶವೂ ಜನಾಭಿಪ್ರಾಯ ಸಂಗ್ರಹವೇ ಆಗಿತ್ತು. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವರ ಬದಲಿಗೆ, ಜನರ ಪಡಿಯಚ್ಚುಗಳನ್ನು ಯಂತ್ರದಲ್ಲಿ ಬದುಕಿಸಿ ಅವುಗಳ ಆಯ್ಕೆಯನ್ನು ಗಮನಿಸುವುದು. ಜನ ಏನು ಕೊಳ್ಳುತ್ತಾರೆ, ಯಾರನ್ನು ಬೆಂಬಲಿಸುತ್ತಾರೆ ಎಂದು ಮೊದಲೇ ತಿಳಿಯುವ ಹಂಬಲವೇ ಕೃತಕ ಲೋಕವನ್ನು ಕಟ್ಟಿಸಿತು ಎಂಬುದನ್ನು ಈ ಆದಿಪುರುಷರು ಅರವತ್ತು ವರ್ಷಗಳ ಹಿಂದೆಯೇ ಕಂಡಿದ್ದರು. ಮುಂದೆ ನಾವು ಮರೆತದ್ದೂ ಇದನ್ನೇ.

ಫಾಸ್‌ಬಿಂಡರ್ ತೆರೆಗೆ ತಂದದ್ದು ಗಲೂಯ್‌ಯ ಕಾದಂಬರಿಯನ್ನು. ಹದಿನಾರು ಮಿಲಿಮೀಟರ್ ಫಿಲ್ಮಿನಲ್ಲಿ, ಟೆಲಿವಿಷನ್ನಿನ ಬಜೆಟ್ಟಿನಲ್ಲಿ ಚಿತ್ರ ತಯಾರಾಯಿತು. ಗ್ರಾಫಿಕ್ಸಿನ ನೆರವು ಇರಲಿಲ್ಲ. ಛಾಯಾಗ್ರಾಹಕ ಮೈಕೆಲ್ ಬಾಲ್‌ಹೌಸ್ ಕನ್ನಡಿಗಳನ್ನೂ ಗಾಜಿನ ಗೋಡೆಗಳನ್ನೂ ನೆಚ್ಚಿಕೊಂಡರು. ಪಾತ್ರಗಳು ಮಾತಾಡುವಾಗ ನಮ್ಮ ಕಣ್ಣಿಗೆ ಬೀಳುವುದು ಎಷ್ಟೋ ಸಲ ಅವರ ಬಿಂಬಗಳೇ. ಒಂದು ಔತಣಕೂಟದಲ್ಲಿ ಭದ್ರತಾ ಅಧಿಕಾರಿ ಲೌಸೆ ಮುಖ್ಯವಾದದ್ದನ್ನು ಹೇಳಲು ಬಾಯಿ ತೆರೆಯುತ್ತಾನೆ. ನಾಯಕ ಸ್ಟಿಲರ್ ಆಚೆ ಹೊರಳಿ ಈಚೆ ನೋಡುವುದರೊಳಗೆ ಕುರ್ಚಿ ಖಾಲಿ. ಮರುದಿನದಿಂದ ಅಂಥವನೊಬ್ಬ ಇದ್ದನೆಂಬುದೇ ಯಾರಿಗೂ ನೆನಪಿಲ್ಲ. ಇಡೀ ಪ್ರಕಾರದ ಭಯ ಆ ಖಾಲಿ ಕುರ್ಚಿಯಲ್ಲಿದೆ. ಸಾರ್ವಜನಿಕ ಹಣದಲ್ಲಿ ನಡೆಯುವ ಆ ಸಂಸ್ಥೆಯ ಯಂತ್ರವನ್ನು ಉಕ್ಕಿನ ಉದ್ಯಮದ ಮುಂದಿನ ಬೇಡಿಕೆ ತಿಳಿಯಲು ಬಳಸುವ ಸಂಚೂ ಕಥೆಯಲ್ಲಿದೆ. ಲೋಕ ಸುಳ್ಳೇ ಎಂದು ಕೇಳುವಾಗಲೇ ಅದರಿಂದ ಯಾರಿಗೆ ಲಾಭ ಎಂದೂ ಫಾಸ್‌ಬಿಂಡರ್ ಕೇಳಿದ್ದರು. ಚಿತ್ರ ಆಮೇಲೆ ಬಹುಕಾಲ ಮರೆವಿಗೆ ಸಂದಿತು. ದುರಸ್ತಿಯಾದ ಪ್ರತಿ 2010ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ತೆರೆ ಕಂಡಾಗ, ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಆಗಲೇ ಜಗತ್ಪ್ರಸಿದ್ಧರಾಗಿದ್ದರು.

ಫಾಸ್‌ಬಿಂಡರ್ ಚಿತ್ರದ ನಂತರದ ವರ್ಷಗಳು ಪ್ರಯೋಗಗಳ ಕಾಲ. 1976ರಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯ ಒಂದು ಕಥೆ ಸತ್ತವರ ನೆನಪುಗಳನ್ನು ಕೂಡಿಟ್ಟ ಯಂತ್ರದೊಳಕ್ಕೆ ನಾಯಕನನ್ನು ಇಳಿಸಿತು. ಆ ಯಂತ್ರದ ಹೆಸರು ಆಗಲೇ ‘ಮೇಟ್ರಿಕ್ಸ್’. ಮರುವರ್ಷ ಫ್ರಾನ್ಸಿನ ಮೆಟ್ಸ್ ನಗರದ ಸಮ್ಮೇಳನದಲ್ಲಿ ಕಾದಂಬರಿಕಾರ ಫಿಲಿಪ್ ಕೆ. ಡಿಕ್, ನಾವಿರುವುದು ಕಂಪ್ಯೂಟರ್ ರೂಪಿಸಿದ ವಾಸ್ತವದಲ್ಲಿ ಎಂದು ಗಂಭೀರವಾಗಿಯೇ ಹೇಳಿದರು. 1982ರ ‘ಟ್ರಾನ್’ ಕಂಪ್ಯೂಟರಿನ ಒಳಗನ್ನು ಬೆಳಕಿನ ಗೆರೆಗಳ ನಗರವಾಗಿ ತೋರಿಸಿತು. ಮನೆಗೆ ಆಗಷ್ಟೇ ಕಂಪ್ಯೂಟರ್ ಬರುತ್ತಿದ್ದ ಕಾಲದ ಹುರುಪು ಅದರಲ್ಲಿತ್ತು. ಡಿಕ್‌ನ ಸಣ್ಣಕಥೆಯೊಂದನ್ನು ಆಧರಿಸಿ ಪಾಲ್ ವರ್ಹೂವನ್ 1990ರಲ್ಲಿ ಮಾಡಿದ ‘ಟೋಟಲ್ ರಿಕಾಲ್’ನಲ್ಲಿ ಒಂದು ಕಂಪನಿ ಮಂಗಳ ಗ್ರಹದ ಪ್ರವಾಸದ ನೆನಪನ್ನೇ ಮಾರುತ್ತದೆ. ನೀನಿನ್ನೂ ನಮ್ಮ ಕುರ್ಚಿಯಲ್ಲೇ ಕನಸು ಕಾಣುತ್ತಿದ್ದೀಯೆ, ಈ ಮಾತ್ರೆ ನುಂಗಿದರೆ ಎಚ್ಚರವಾಗುತ್ತದೆ ಎಂದು ಕಂಪನಿಯ ವೈದ್ಯ ಬಂದು ನಾಯಕನ ಕೈಗೆ ಕೆಂಪು ಮಾತ್ರೆ ಕೊಡುತ್ತಾನೆ. ವೈದ್ಯನ ಹಣೆಯಿಂದ ಇಳಿದ ಒಂದು ಹನಿ ಬೆವರನ್ನು ಕಂಡ ನಾಯಕ ಅವನು ಹೆದರಿದ್ದಾನೆಂದರೆ ಇದು ಕನಸಲ್ಲ ಎಂದು ತೀರ್ಮಾನಿಸುತ್ತಾನೆ. ಮುಂದೆ ಎಚ್ಚರದ ಸಂಕೇತವಾದ ಕೆಂಪು ಮಾತ್ರೆ ಇಲ್ಲಿ ವ್ಯಾಪಾರಿಯ ಕೈಯಲ್ಲಿತ್ತು ಎಂಬುದು ನೆನಪಿಡಬೇಕಾದ ಸಂಗತಿ.

ಇದೇ ಕಾಲದಲ್ಲಿ ಟೆಲಿವಿಷನ್ ಇನ್ನೊಂದು ಕಡೆಯಿಂದ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 1987ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಸರಣಿಯ ನೌಕೆಯಲ್ಲಿ ಹಾಲೋಡೆಕ್ ಎಂಬ ಕೋಣೆಯಿತ್ತು, ಕಾಡು, ಕಡಲು, ಹಳೆಯ ಲಂಡನ್, ಕೇಳಿದ್ದೆಲ್ಲ ಅಲ್ಲಿ ಮೂಡುತ್ತಿತ್ತು. ನೌಕೆಯ ಎಂಜಿನಿಯರ್ ಶೆರ್ಲಾಕ್ ಹೋಮ್ಸ್ ಆಟದಲ್ಲಿ ತನ್ನ ಗೆಳೆಯ ಡೇಟಾನನ್ನು ಸೋಲಿಸಬಲ್ಲ ಎದುರಾಳಿ ಬೇಕೆಂದು ಕಂಪ್ಯೂಟರನ್ನು ಕೇಳಿದಾಗ, ಪ್ರೊಫೆಸರ್ ಮೊರಿಯಾರ್ಟಿಯ ಪಾತ್ರಕ್ಕೆ ತಾನೊಂದು ಪಾತ್ರ ಎಂಬ ಅರಿವು ಬಂದುಬಿಟ್ಟಿತು. ದಾರಿ ಹುಡುಕುತ್ತೇವೆಂದು ಮಾತು ಕೊಟ್ಟು ಕ್ಯಾಪ್ಟನ್ ಪಿಕಾರ್ಡ್ ಅವನನ್ನು ಯಂತ್ರದ ನೆನಪಿನಲ್ಲಿ ಇರಿಸಿದ. 1993ರ ಕಂತಿನಲ್ಲಿ ಮೊರಿಯಾರ್ಟಿ ಮರಳಿದಾಗ ಮೊದಲು ಹೇಳಿದ್ದು, ಆ ಕತ್ತಲಲ್ಲಿ ತನಗೆ ಆಗಾಗ ಎಚ್ಚರವಿತ್ತು ಎಂದು. ಕಂಪ್ಯೂಟರಿನೊಳಗಿನ ಜೀವಕ್ಕೂ ನೋವಿದೆ, ಅದಕ್ಕೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬೇಕು ಎಂದು ಜನಪ್ರಿಯ ಟೆಲಿವಿಷನ್ ಹೇಳಿದ ದೊಡ್ಡ ಗಳಿಗೆ ಅದು. ಯೋಗವಾಸಿಷ್ಠದ ಲವಣರಾಜನ ಕಥೆ ಕೇಳಿ ಬೆಳೆದವರಿಗೆ ಈ ನೋವು ಹೊಸದಲ್ಲ. ಐಂದ್ರಜಾಲಿಕನ ನವಿಲುಗರಿಯ ಬೀಸಿನಲ್ಲಿ ರಾಜ ಇನ್ನೊಂದು ಬಾಳನ್ನೇ ಬಾಳಿ ಆಸ್ಥಾನದಲ್ಲಿ ಎಚ್ಚರಗೊಳ್ಳುತ್ತಾನೆ. ಮರುದಿನ ವಿಂಧ್ಯದ ಕಾಡಿಗೆ ಹೋಗಿ ನೋಡಿದರೆ ಕನಸಿನ ಆ ಕೇರಿಯೂ ಅಲ್ಲಿ ಅಳುತ್ತಿರುವ ತನ್ನವರೂ ನಿಜವಾಗಿಯೇ ಇದ್ದಾರೆ. ಸ್ಟಾರ್ ಟ್ರೆಕ್ ಮಾತ್ರ ಮೊರಿಯಾರ್ಟಿಗೆ ಕೊನೆಗೆ ಕೊಟ್ಟದ್ದು ಹೊರಬಾಗಿಲನ್ನಲ್ಲ. ಅಂಗೈಯಷ್ಟು ಪೆಟ್ಟಿಗೆಯೊಳಗೆ ಇನ್ನೂ ದೊಡ್ಡ ಲೋಕವೊಂದನ್ನು ಕಟ್ಟಿ, ಹೊರಗೆ ಬಂದೆನೆಂದು ಅವನನ್ನು ನಂಬಿಸಿ ಅದರಲ್ಲಿ ಬಿಟ್ಟರು. ಆ ದಯೆಯಲ್ಲಿದ್ದ ಮೋಸ ಈಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಆಮೇಲೆ ಬಂದದ್ದು 1998 ಮತ್ತು 1999. ಸುಮಾರು ಹದಿನೈದು ತಿಂಗಳ ಅವಧಿಯಲ್ಲಿ ‘ಡಾರ್ಕ್ ಸಿಟಿ’, ‘ದಿ ಟ್ರೂಮನ್ ಶೋ’, ‘ದಿ ಮೇಟ್ರಿಕ್ಸ್’, ಕ್ರೋನೆನ್‌ಬರ್ಗ್‌ನ ‘ಎಕ್ಸಿಸ್ಟೆನ್ಜ್’, ಗಲೂಯ್‌ಯ ಕಾದಂಬರಿಯನ್ನೇ ಮತ್ತೆ ಆಧರಿಸಿದ ‘ದಿ ಥರ್ಟೀನ್ತ್ ಫ್ಲೋರ್’ ಸಾಲಾಗಿ ತೆರೆಕಂಡವು. ಶೀತಲ ಸಮರ ಮುಗಿದು, ಅಂತರಜಾಲ ಮನೆ ಹೊಕ್ಕು, ಮಧ್ಯಮ ವರ್ಗ ಹಿಂದೆಂದಿಗಿಂತ ನೆಮ್ಮದಿಯಾಗಿದೆ ಎನ್ನುವ ಹೊತ್ತಿಗೆ ಈ ನೆಮ್ಮದಿಯೇ ಕಟ್ಟುಕಥೆಯೇನೋ ಎಂಬ ಕಳವಳ ಇವೆಲ್ಲವನ್ನೂ ಒಟ್ಟಿಗೆ ಮೂಡಿಸಿತು. ಇವುಗಳಲ್ಲಿ ಹಲವು ಚಿತ್ರಗಳಲ್ಲಿ ಲೋಕದ ಅಂಚನ್ನು ಮುಟ್ಟುವ ದೃಶ್ಯವಿದೆ. ಟ್ರೂಮನ್ನನ ದೋಣಿಯ ಮೂತಿ ಬಣ್ಣ ಬಳಿದ ಆಕಾಶದ ಗೋಡೆಗೆ ಗುದ್ದುತ್ತದೆ. ‘ಡಾರ್ಕ್ ಸಿಟಿ’ಯಲ್ಲಿ ಇಟ್ಟಿಗೆ ಗೋಡೆ ಒಡೆದರೆ ಆಚೆ ನಕ್ಷತ್ರಗಳು. ‘ಥರ್ಟೀನ್ತ್ ಫ್ಲೋರ್’ನ ನಾಯಕ ಯಾರೂ ಹೋಗದ ರಸ್ತೆಯಲ್ಲಿ ಕಾರು ಓಡಿಸುತ್ತಾ ಹೋಗಿ, ಬೆಟ್ಟಗಳೆಲ್ಲ ಹಸಿರು ಗೆರೆಗಳ ಜಾಲವಾಗಿ ಕರಗಿರುವ ಜಾಗದಲ್ಲಿ ನಿಲ್ಲುತ್ತಾನೆ. ಅಂಚು ಇತ್ತು, ಅದನ್ನು ಕೈಯಿಂದ ಮುಟ್ಟಬಹುದಿತ್ತು, ಮುಟ್ಟಿದವನು ಬದಲಾಗುತ್ತಿದ್ದ.

ಇವುಗಳಲ್ಲಿ ‘ಮೇಟ್ರಿಕ್ಸ್’ ನಮ್ಮ ನಾಡಿಗೆ ಬೇರೆಯೇ ರೀತಿಯಲ್ಲಿ ತಟ್ಟಿತು. ಅದರ ನಾಯಕ ಹಗಲು ಸಾಫ್ಟ್‌ವೇರ್ ಕಂಪನಿಯ ಪುಟ್ಟ ಗೂಡಿನಲ್ಲಿ ಕೂತು ತಡವಾಗಿ ಬಂದುದಕ್ಕೆ ಮೇಲಧಿಕಾರಿಯಿಂದ ಬೈಸಿಕೊಳ್ಳುವ ಪ್ರೋಗ್ರಾಮರ್. ಚಿತ್ರ ಬಂದ 1999ರಲ್ಲೇ ಬೆಂಗಳೂರಿನ ಸಾವಿರಾರು ಯುವಕ ಯುವತಿಯರು ಅಂಥದೇ ಗೂಡುಗಳಲ್ಲಿ ಕೂತು ವೈಟುಕೆ ದೋಷವನ್ನು ತಿದ್ದುತ್ತಿದ್ದರು. ಕಪ್ಪು ಪರದೆಯ ಮೇಲೆ ಇಳಿಯುವ ಹಸಿರು ಅಕ್ಷರಗಳ ಮಳೆ ಅವರಿಗೆ ತಮ್ಮದೇ ದಿನಚರಿಯ ಇನ್ನೊಂದು ಮುಖವಾಗಿ ಕಂಡಿತು. ಚಿತ್ರದ ತಾಂತ್ರಿಕ ಗಳಿಕೆ ದೊಡ್ಡದು: ನೂರಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಸುತ್ತ ಜೋಡಿಸಿ ಗುಂಡಿನ ವೇಗವನ್ನೇ ನಿಲ್ಲಿಸಿದ ದೃಶ್ಯ, ಹಾಂಗ್‌ಕಾಂಗಿನ ಯುಯೆನ್ ವೂ-ಪಿಂಗ್ ಕಲಿಸಿದ ಹೊಡೆದಾಟ, ನಾಲ್ಕು ಆಸ್ಕರ್. ಆದರೆ ಇಂದು ನೋಡುವಾಗ ಮನಸ್ಸು ನಿಲ್ಲುವುದು ಬೇರೆ ವಿವರದ ಮೇಲೆ. ಆ ಲೋಕದಿಂದ ಹೊರಬರುವ ದಾರಿ ತಂತಿ ಇರುವ ಹಳೆಯ ದೂರವಾಣಿ. ಯಾವುದೋ ಬೂತಿನಲ್ಲಿ, ಪಾಳುಬಿದ್ದ ಹೋಟೆಲಿನ ಕೋಣೆಯಲ್ಲಿ ಫೋನು ರಿಂಗಾಗುತ್ತದೆ. ಓಡಿ ಹೋಗಿ ಎತ್ತಿಕೊಂಡವರು ಪಾರು. ಜೇಬಿನ ಮೊಬೈಲಿನಿಂದ ಮಾತಾಡಬಹುದು, ಪಾರಾಗಲು ಬರುವುದಿಲ್ಲ. ಬೀದಿಗೊಂದು ಎಸ್‌ಟಿಡಿ ಬೂತು ಇದ್ದ ಕಾಲದಲ್ಲಿ ನಾವಿದನ್ನು ಗಮನಿಸಿರಲೇ ಇಲ್ಲ. ಬೂತುಗಳು ಮಾಯವಾಗಿ ಜೇಬಿನ ಫೋನು ಮಾತ್ರ ಉಳಿದ ಮೇಲೆ ಆ ನಿಯಮದ ಅರ್ಥ ಬೆಳೆದಿದೆ.

ಚಿತ್ರದ ನಿರ್ದೇಶಕಿಯರಾದ ವಚೋವ್ಸ್ಕಿ ಸೋದರಿಯರು ಕೊಟ್ಟ ಮಾತು ನೇರವಾಗಿತ್ತು: ನೋವಿನದಾದರೂ ನಿಜವೇ ಇರಲಿ, ಸುಖದ ಸುಳ್ಳು ಬೇಡ. ಬಾಯಲ್ಲಿ ಕರಗುವ ಮಾಂಸದ ತುಣುಕಿಗಾಗಿ, ಅದು ಸುಳ್ಳೆಂದು ಗೊತ್ತಿದ್ದೂ, ಗೆಳೆಯರನ್ನು ಮಾರಿದ ಸೈಫರ್ ಆ ಕಥೆಯಲ್ಲಿ ದ್ರೋಹಿ. 2003ರಲ್ಲಿ ಬಂದ ಮುಂದಿನ ಭಾಗಗಳು ಆ ಮಾತನ್ನೇ ತೊಡಕಾಗಿಸಿದವು. ಬಂಡಾಯವೂ ಯಂತ್ರದ ಲೆಕ್ಕದಲ್ಲೇ ಸೇರಿದೆ, ವಿಮೋಚಕ ಹಿಂದೆಯೂ ಐದು ಸಲ ಬಂದು ಹೋಗಿದ್ದಾನೆ ಎಂದು ತಿಳಿಯುತ್ತದೆ. ಅದೇ ವರ್ಷ ಆಕ್ಸ್‌ಫರ್ಡಿನ ತತ್ವಜ್ಞ ನಿಕ್ ಬಾಸ್ಟ್ರಮ್ ಪ್ರಕಟಿಸಿದ ಪ್ರಬಂಧ ಇಡೀ ಪ್ರಶ್ನೆಯನ್ನು ಸಂಭವನೀಯತೆಯ ಲೆಕ್ಕವಾಗಿಸಿತು. ಮುಂದುವರಿದ ನಾಗರಿಕತೆಗಳು ತಮ್ಮ ಪೂರ್ವಜರನ್ನು ಲೆಕ್ಕವಿಲ್ಲದಷ್ಟು ಸಲ ಸಿಮ್ಯುಲೇಟ್ ಮಾಡುವುದಾದರೆ ನಾವು ಅಂಥವರಲ್ಲೊಬ್ಬರಾಗಿರುವ ಸಾಧ್ಯತೆಯೇ ಹೆಚ್ಚು ಎಂಬುದು ಅದರ ಒಂದು ಕವಲು. ಅದರ ತರ್ಕ ಗಟ್ಟಿಯಾದುದೇ. ಆದರೆ ಆ ಕವಲನ್ನು ಮಾತ್ರ ಹಿಡಿದುಕೊಂಡವರ ಬಾಯಲ್ಲಿ ಹೊರಬರುವ ಹಂಬಲ ಕಳೆದುಹೋಯಿತು. 2016ರಲ್ಲಿ ಇಲಾನ್ ಮಸ್ಕ್ ನಾವು ಮೂಲ ವಾಸ್ತವದಲ್ಲಿರುವ ಸಾಧ್ಯತೆ ಶತಕೋಟಿಗಳಲ್ಲೊಂದು ಎಂದಾಗ ಅದರಲ್ಲಿ ದಿಗಿಲಿರಲಿಲ್ಲ, ಕುತೂಹಲವಷ್ಟೇ ಇತ್ತು. ಇನ್ನೂ ನೋವಿನ ಸಂಗತಿಯೆಂದರೆ ‘ಮೇಟ್ರಿಕ್ಸ್’ನಲ್ಲಿ ಎಚ್ಚರದ ಸಂಕೇತವಾಗಿದ್ದ ಕೆಂಪು ಮಾತ್ರೆಯ ಗತಿ. ಹೆಣ್ಣನ್ನು ದ್ವೇಷಿಸುವ ಗುಂಪುಗಳು ಅದನ್ನು ತಮ್ಮ ಲಾಂಛನ ಮಾಡಿಕೊಂಡವು. ತೃತೀಯ ಲಿಂಗಿಗಳ ಬಯಕೆ ಮತ್ತು ಪರಿವರ್ತನೆಯ ಒಳದನಿ ಆ ಚಿತ್ರದಲ್ಲಿತ್ತೆಂದು ಲಿಲಿ ವಚೋವ್ಸ್ಕಿ 2020ರಲ್ಲಿ ಹೇಳಿದರು. ಅಷ್ಟರಲ್ಲಿ ಎಚ್ಚರದ ಭಾಷೆಯೇ ಅಪಹರಣಕ್ಕೆ ಒಳಗಾಗಿತ್ತು.

ಕನ್ನಡವೂ ಈ ಹೊಳೆಗೆ ತನ್ನ ತೊರೆಯನ್ನು ಸೇರಿಸಿದೆ. 2013ರಲ್ಲಿ ಪವನ್ ಕುಮಾರ್, ನಿರ್ಮಾಪಕರ ಬಾಗಿಲು ಕಾಯುವುದನ್ನು ಬಿಟ್ಟು ಪ್ರೇಕ್ಷಕರಿಂದಲೇ ಹಣ ಕೂಡಿಸಿ ‘ಲೂಸಿಯಾ’ ಮಾಡಿದರು. ಅಲ್ಲಿ ಕಂಪ್ಯೂಟರಿಲ್ಲ, ಮಾತ್ರೆಯಿದೆ. ನಿದ್ದೆ ಬಾರದ, ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ಹುಡುಗ ಮಾತ್ರೆ ನುಂಗಿ ಮಲಗಿದರೆ ಕನಸಿನಲ್ಲಿ ಖ್ಯಾತ ನಟ. ಒಂದು ಬಾಳು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಯಾವುದು ನಿಜ, ಯಾವುದು ಕನಸು ಎಂದು ನಾವು ನಂಬಿದ್ದು ಕೊನೆಯಲ್ಲಿ ತಲೆಕೆಳಗಾಗುತ್ತದೆ. ಗಾಂಧಿನಗರದ ಸೂತ್ರಗಳಾಚೆ ಇಂಥ ಕಥೆಗೆ ಕನ್ನಡದಲ್ಲಿ ಪ್ರೇಕ್ಷಕರಿದ್ದಾರೆಂದು ಅದು ತೋರಿಸಿತು. ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯೂ ಬಂತು. ಸಾಮಾನ್ಯನು ಶ್ರೀಮಂತಿಕೆಯ ಕನಸು ಕಾಣುವುದು ನಮಗೆ ಗೊತ್ತಿತ್ತು; ಎಲ್ಲ ಇದ್ದವನೂ ಸಾಮಾನ್ಯ ಬಾಳಿಗಾಗಿ ಹಂಬಲಿಸಬಹುದೆಂಬ ‘ಲೂಸಿಯಾ’ದ ಕಾಣ್ಕೆ ಈ ಪ್ರಕಾರಕ್ಕೆ ನಮ್ಮ ನೆಲ ಕೊಟ್ಟ ಕಾಣಿಕೆ. ಆ ದಾರಿಯಲ್ಲಿ ಹತ್ತಾರು ಚಿತ್ರಗಳು ಬರುತ್ತವೆಂದು ಅಂದು ನಾವು ಎದುರುನೋಡಿದ್ದು ಮಾತ್ರ ಪೂರ್ತಿ ಕೈಗೂಡಲಿಲ್ಲ.

ಕಳೆದ ದಶಕದಲ್ಲಿ ಕಥೆಯ ದಿಕ್ಕೇ ತಿರುಗಿತು. 2016ರಲ್ಲಿ ‘ಬ್ಲ್ಯಾಕ್ ಮಿರರ್’ ಸರಣಿಯ ‘ಸ್ಯಾನ್ ಜುನಿಪೆರೊ’ ಕಂತು ಬಂದಾಗ ಮೊದಲ ಸಲ ನಾವು ಪಾತ್ರಗಳು ಕೃತಕ ಲೋಕದ ಒಳಗೇ ಉಳಿಯಲಿ ಎಂದು ಹಾರೈಸಿದೆವು. ಸಾವಿನಂಚಿನಲ್ಲಿರುವ ಇಬ್ಬರು ವೃದ್ಧೆಯರು ಕಡಲತಡಿಯ ಊರೊಂದರಲ್ಲಿ ಯುವತಿಯರಾಗಿ ಪ್ರೀತಿಸುತ್ತಾರೆ. ಸತ್ತ ಮೇಲೆಯೂ ಅಲ್ಲೇ ಇರಲು ನಿರ್ಧರಿಸುತ್ತಾರೆ. ಹೊರಗಿನ ಲೋಕ ಆ ಪ್ರೀತಿಗೆ ಎಡೆ ಕೊಟ್ಟಿರಲಿಲ್ಲ, ಆದ್ದರಿಂದ ಆ ಆಯ್ಕೆಯನ್ನು ದ್ರೋಹವೆನ್ನಲು ಯಾರಿಗೂ ಮನಸ್ಸು ಬರಲಿಲ್ಲ. ಆದರೂ ನಿರ್ದೇಶಕರು ಕೊನೆಗೆ ತೋರಿಸುವುದು ಕಂಪನಿಯೊಂದರ ಉಗ್ರಾಣವನ್ನು. ಯಂತ್ರದ ತೋಳು ಅವರ ಪ್ರಜ್ಞೆಯ ಬಿಲ್ಲೆಗಳನ್ನು ಮಿನುಗುವ ಸಾವಿರಾರು ದೀಪಗಳ ಗೋಡೆಗೆ ಸಿಕ್ಕಿಸುತ್ತದೆ. ಮರುವರ್ಷದ ‘ಯುಎಸ್‌ಎಸ್ ಕ್ಯಾಲಿಸ್ಟರ್’ ಆ ಉಗ್ರಾಣದ ಕರಾಳ ಮುಖವನ್ನು ತೋರಿಸಿತು: ಸಹೋದ್ಯೋಗಿಗಳ ಪಡಿಯಚ್ಚುಗಳನ್ನು ತನ್ನ ಆಟದೊಳಗೆ ಕೂಡಿಹಾಕಿ ಹಿಂಸಿಸುವ ಪ್ರೋಗ್ರಾಮರ್. 2020ರಲ್ಲಿ ಆರಂಭವಾದ ‘ಅಪ್‌ಲೋಡ್’ ಸರಣಿಯಲ್ಲಿ ಸತ್ತವರ ಸ್ವರ್ಗಕ್ಕೂ ಡೇಟಾ ಪ್ಯಾಕ್ ಉಂಟು. ತಿಂಗಳ ಎರಡು ಗಿಗಾಬೈಟ್ ಮುಗಿದ ಬಡವರು ಇದ್ದಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತಾರೆ. ಸಿಮ್ಯುಲೇಶನ್ ಕಥನ ಹುಟ್ಟಿದ್ದು ಮಾರುಕಟ್ಟೆಯಲ್ಲಿ ಎಂಬುದು ಈ ಕಥೆಗಾರರಿಗೆ ಮತ್ತೆ ನೆನಪಾಯಿತು.

2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ತನ್ನ ಮಾತೃಸಂಸ್ಥೆಗೆ ‘ಮೆಟಾ’ ಎಂದು ಮರುನಾಮಕರಣ ಮಾಡಿಕೊಂಡಿತು. ನೀಲ್ ಸ್ಟೀಫನ್‌ಸನ್ 1992ರ ಕಾದಂಬರಿಯಲ್ಲಿ ಎಚ್ಚರಿಕೆಯಂತೆ ಚಿತ್ರಿಸಿದ್ದ ಕೃತಕ ಲೋಕವೇ ಈ ಕಂಪನಿಯ ಗುರಿಯಾಯಿತು. ಎರಡು ತಿಂಗಳಲ್ಲೇ ಲಾನಾ ವಚೋವ್ಸ್ಕಿಯ ‘ದಿ ಮೇಟ್ರಿಕ್ಸ್ ರೆಸರೆಕ್ಷನ್ಸ್’ ಬಂತು. ಚಿತ್ರವಾಗಿ ಅದು ಮೊದಲನೆಯದರ ಎತ್ತರಕ್ಕೆ ಏರಲಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇಪ್ಪತ್ತೆರಡು ವರ್ಷಗಳ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. 1999ರ ಖಳ ಸ್ಮಿತ್, ಮನುಷ್ಯರಿಗೆ ಮೊದಲು ಸುಖಮಯ ಲೋಕವನ್ನೇ ಕಟ್ಟಿಕೊಟ್ಟೆವು, ಅವರ ಮನಸ್ಸು ಅದನ್ನು ನಂಬದೆ ಎಚ್ಚರಗೊಳ್ಳಲು ಹೆಣಗಿತು ಎಂದು ಒಪ್ಪಿಕೊಂಡಿದ್ದ. 2021ರ ಖಳ ಮನೋವೈದ್ಯನ ವೇಷದಲ್ಲಿದ್ದಾನೆ. ಇಲ್ಲದ್ದಕ್ಕೆ ಹಂಬಲ, ಇರುವುದು ಕೈತಪ್ಪೀತೆಂಬ ಭಯ, ಇವೆರಡರ ನಡುವೆ ಮನುಷ್ಯರನ್ನು ಜೋಕಾಲಿಯಾಡಿಸಿದರೆ ಸಾಕು, ಅವರು ಹೊರಗೆ ಹೋಗಲು ಕೇಳುವುದೇ ಇಲ್ಲ ಎಂಬುದು ಅವನ ಶೋಧನೆ. ಮೊದಲನೆಯವನಿಗೆ ಬೇಕಿದ್ದುದು ಗೋಡೆ, ಎರಡನೆಯವನಿಗೆ ಬೇಡ.

ಇಷ್ಟು ದೂರ ಬಂದ ಮೇಲೆ ಲಾಭ ನಷ್ಟಗಳನ್ನು ತೂಗಿ ನೋಡಬಹುದು. ಲಾಭ ಚಿಕ್ಕದಲ್ಲ. ಕಣ್ಣಿಗೆ ಕಂಡದ್ದನ್ನೆಲ್ಲ ನಂಬಬಾರದೆಂಬ ವಿವೇಕವನ್ನು ಈ ಚಿತ್ರಗಳು ಜನಸಾಮಾನ್ಯರಿಗೆ ಮುಟ್ಟಿಸಿದವು. ಯಂತ್ರದೊಳಗಿನ ಪ್ರಜ್ಞೆಗೂ ನ್ಯಾಯ ಸಲ್ಲಬೇಕೆಂಬ ವಿಚಾರವನ್ನು, ಕೃತಕ ಬುದ್ಧಿಮತ್ತೆ ಮನೆಬಾಗಿಲಿಗೆ ಬರುವುದಕ್ಕೆ ಮೂರು ದಶಕ ಮೊದಲೇ ನಮ್ಮ ಮುಂದಿಟ್ಟವು. ಲೋಕದಿಂದ ಹೊರದಬ್ಬಿಸಿಕೊಂಡವರಿಗೆ ಕಲ್ಪಿತ ಲೋಕವೂ ಆಸರೆಯಾಗಬಲ್ಲದೆಂದು ಒಪ್ಪುವಷ್ಟು ಹೃದಯವಂತಿಕೆಯನ್ನು ಬೆಳೆಸಿಕೊಂಡವು. ಕಳೆದುಕೊಂಡದ್ದು ಹೊರಬರುವ ಹಂಬಲ. ಅಂಚನ್ನು ಮುಟ್ಟಲು ರಾತ್ರಿಯಿಡೀ ಕಾರು ಓಡಿಸುವ ನಾಯಕ ಈಗ ಅಪರೂಪ. ಒಳಗೆ ಚೆನ್ನಾಗಿ ನೆಲೆಸುವುದು ಹೇಗೆಂಬುದೇ ಇಂದಿನ ನಾಯಕರ ಚಿಂತೆ. ಲೋಕ ನಿಜವೋ ಸುಳ್ಳೋ ಎಂಬ ಜಿಜ್ಞಾಸೆಗೆ ನಾವು ಬೇಕಾದಷ್ಟು ಸಮಯ ಕೊಟ್ಟೆವು. ಅದರ ಒಡೆಯ ಯಾರು, ಬಾಡಿಗೆ ಎಷ್ಟು, ಗುಂಡಿ ಯಾರ ಕೈಯಲ್ಲಿದೆ ಎಂದು ಕೇಳಿದ ಕೃತಿಗಳು ಬೆರಳೆಣಿಕೆಯಷ್ಟೇ ಉಳಿದವು.

ಕೃತಕ ಲೋಕದ ಕಥೆಗಳು ಇನ್ನು ಮುಂದೆಯೂ ಬರುತ್ತವೆ, ಬರಬೇಕು. ನಮ್ಮ ಮಕ್ಕಳು ದಿನದ ಹಲವು ಗಂಟೆಗಳನ್ನು ಕಳೆಯುತ್ತಿರುವ ಪರದೆಯ ಲೋಕ ಅವರಿಗೆ ಇಷ್ಟವಾಗುವಂತೆ, ಅವರ ಇಷ್ಟವನ್ನು ಅಳೆಯುವಂತೆ, ಅಳೆದದ್ದನ್ನು ಮಾರುವಂತೆ ಕಟ್ಟಲ್ಪಟ್ಟಿದೆ. ಅದನ್ನು ಸುಳ್ಳೆಂದು ಬಯಲು ಮಾಡುವುದರಿಂದ ಏನೂ ಆಗದು. ಅದು ಕಟ್ಟಿದ್ದೆಂದು ಅವರಿಗೆ ಗೊತ್ತೇ ಇದೆ. ಮುಂದಿನ ಚಿತ್ರನಿರ್ದೇಶಕರಿಂದ, ಕನ್ನಡದ ಚಿತ್ರನಿರ್ದೇಶಕರಿಂದಲೂ, ನಾವು ಕೇಳಬೇಕಾದದ್ದು ಇಷ್ಟು: ಒಳಗಿರುವವರನ್ನು ಹೀಗಳೆಯದೆ, ಅಲ್ಲಿನ ಸುಖವನ್ನು ಅಲ್ಲಗಳೆಯದೆ, ಬೇಡವೆನಿಸಿದ ದಿನ ಎದ್ದು ಬರುವ ಹಕ್ಕು ಎಲ್ಲರಿಗೂ ಇದೆಯೇ ಎಂದು ಅವರ ಕಥೆ ವಿಚಾರಿಸಲಿ. ಹಣವಿರುವವನಿಗೂ ಇಲ್ಲದವನಿಗೂ ಆ ಹಕ್ಕು ಸಮನಾಗಿ ಸಿಗುವಂತಿದ್ದರೆ ಕೃತಕ ಲೋಕಕ್ಕೆ ಹೆದರಬೇಕಾದ್ದಿಲ್ಲ. ಸಿಗದಿದ್ದರೆ, ಎಷ್ಟೇ ಸುಂದರವಾಗಿ ಕಟ್ಟಿದರೂ ಅದು ಸೆರೆಮನೆಯೇ.